ಬೀದಿಕಂಬದ ಕೂಗು

"ಯುವಕ ಬರುತ್ತಿದ್ದಾನೆ. ಬಾಗಿಲು ಭದ್ರಪಡಿಸಿಕೊಳ್ಳಿ."

ಹದಿನೆಂಟು ತುಂಬಿದ ಹುಡುಗ ಯಾರೇ ಬೀದಿಗೆ ಕಾಲಿಟ್ಟರೂ ಮೂಲೆಯ ಕಂಬ ಹೀಗೆ ಕೂಗುತ್ತಿತ್ತು. ಊರಿಗೆ ಅದು ಹಾಲಿನವನ ಗಂಟೆಯಷ್ಟೇ ರೂಢಿಯಾಗಿತ್ತು.

ಮಗ ನಿತಿನನ ಹದಿನೆಂಟನೇ ಹುಟ್ಟುಹಬ್ಬ. ಸಂಜೆ ವಿಶಾಲಾಕ್ಷಿ ಶಾವಿಗೆ ಪಾಯಸ ಇಳಿಸಿ ಜಗಲಿಗೆ ಬಂದಳು. ಪಕ್ಕದ ಮನೆಯ ರೇಣುಕಮ್ಮ ಅಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಈಗಿನ ಹುಡುಗ್ರನ್ನ ನಂಬೋ ಹಾಗಿಲ್ಲ ಕಣೇ. ನಿನ್ ಮಗನ ಮಾತು ಬಿಡು, ಅವನು ಹಸು. ನಾನೇ ಎತ್ತಾಡ್ಸಿದ ಕೂಸು."

ಅಷ್ಟರಲ್ಲಿ ಕಂಬ ಕೂಗಿತು. ರೇಣುಕಮ್ಮ ಸೊಪ್ಪನ್ನು ಮಡಿಲಿಗೆ ಬಳಿದುಕೊಂಡು ಮನೆಗೆ ಓಡಿದರು. ವಿಶಾಲಾಕ್ಷಿ ಒಳಗೆ ಹೋಗಿ ಚಿಲಕ ಹಾಕಿ, ಅದನ್ನು ಹಿಡಿದುಕೊಂಡೇ ನಿಂತಳು. ಹೆಜ್ಜೆ ಸಪ್ಪಳ ಮುಂದೆ ಹೋಗಲಿಲ್ಲ. ಅವಳ ಹೊಸ್ತಿಲ ಬಳಿಯೇ ನಿಂತಿತು.

"ಅಮ್ಮ, ನಾನು."

ಮಗನದೇ ದನಿ. ಬೆಳಿಗ್ಗೆ ಅವನು ಹೊರಟಾಗ ಕಂಬ ಸುಮ್ಮನಿತ್ತು. ಅವನು ಹುಟ್ಟಿದ್ದು ಮಧ್ಯಾಹ್ನ ಎಂಬುದು ಅವಳಿಗೆ ಈಗ ನೆನಪಾಯಿತು. ಆದರೂ ಚಿಲಕ ಸರಿಸಲು ಕೈ ಬರಲಿಲ್ಲ. ಹೆತ್ತವಳಿಗೆ ಗೊತ್ತಿಲ್ಲದ್ದೇನೋ ಕಂಬಕ್ಕೆ ಗೊತ್ತಿದ್ದರೆ? ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೆದರಿಕೆಯಾಯಿತು.

ಬಾಗಿಲು ತೆರೆದಾಗ ನಿತಿನ ಬೀದಿಯ ನಡುವಿಗೆ ಸರಿದು ನಿಂತಿದ್ದ. ಕಂಬ ಕೂಗಿದಾಗ ಎಲ್ಲ ಯುವಕರೂ ಮಾಡುವ ಹಾಗೆ, ಬರಿಗೈ ಎಂದು ಎರಡೂ ಅಂಗೈ ಎತ್ತಿ ತೋರಿಸುತ್ತಿದ್ದ. ಬೀದಿಯ ಕಿಟಕಿಗಳೆಲ್ಲ ಮುಚ್ಚಿದ್ದವು, ರೇಣುಕಮ್ಮನದೂ.

"ಒಳಗೆ ಬಾರೋ, ಹಸಿದಿರ್ತೀಯ."

"ನೀನು ಮೊದಲು ಹಿಂದೆ ಸರಿಯಮ್ಮ," ಎಂದ ಅವನು ಮೆಲ್ಲಗೆ. "ಆಮೇಲೆ ಬರ್ತೀನಿ."