ಅಳಿಲು ಹಿಡಿದ ಕೆಲಸ

ಆ ಕೋಣೆಯಲ್ಲಿ ಹನ್ನೊಂದು ಜನ ಇದ್ದರು. ತನ್ನ ತಾಯಿಯ ಜೀವ ತೆಗೆದವನು ಅವರಲ್ಲೇ ಒಬ್ಬ ಎಂದು ಲೇತ್ ಮೇಸ್ತ್ರಿ ತೀರ್ಮಾನ ಮಾಡಿಕೊಂಡೇ ಮೆಟ್ಟಿಲು ಹತ್ತಿದ್ದ. ಯಾರು ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಹಿಂದಿನ ಸ್ಟೂಲಿನಲ್ಲಿ ಕೂತ. ಇದು ಮೂರನೇ ಭಾನುವಾರ. ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಕೋಣೆ. ನೆಲದ ತುಂಬ ವೈರು, ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕು, ಕೆಳಗಿನಿಂದ ಶಾಯಿಯ ವಾಸನೆ. ಯಾರೋ ಕುದಿಯುವ ಟೀ ತಂದು ಕೈಗಿಟ್ಟರು. ಒಂದೇ ಗುಟುಕಿಗೆ ಮುಗಿಸಿದ. ನಾಲಿಗೆ ಸುಟ್ಟಿತೋ ಬಿಟ್ಟಿತೋ ಅವನಿಗೆ ಗೊತ್ತಾಗಲಿಲ್ಲ. ತಾಯಿ ಹೋದ ಎಂಟು ತಿಂಗಳಿನಿಂದ ಹೀಗೇ. ಮೈಯೆಲ್ಲ ಜೋಮು ಹಿಡಿದ ಕಾಲಿನ ಹಾಗೆ.

ಅವನೇನು ಸಾಧಾರಣ ಕೆಲಸಗಾರನಲ್ಲ. ಅವನು ಕಡೆದ ಬೋಲ್ಟು ದೂರದಲ್ಲಿ ನಟ್ಟನ್ನು ಕಂಡರೆ ಸಾಕು, ತಾನೇ ಉರುಳಿಕೊಂಡು ಹೋಗಿ ಒಳಗೆ ಕೂರುತ್ತದೆ ಎಂದು ಕಾರ್ಖಾನೆಯವರು ಆಣೆ ಇಟ್ಟು ಹೇಳುತ್ತಾರೆ. ಅಂಥವನಿಗೂ ಈ ಕೋಣೆಯ ಕೆಲಸದ ತಲೆಬುಡ ಹತ್ತಲಿಲ್ಲ. ರಜೆಯ ದಿನ ಬಂದು, ಸಂಬಳವಿಲ್ಲದೆ ಪ್ರೋಗ್ರಾಂ ಬರೆದು, ಕಂಡಕಂಡವರಿಗೆಲ್ಲ ಪುಕ್ಕಟೆ ಹಂಚುತ್ತಿದ್ದರು. ಅದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದಂತೆ, ಯಾರು ಬೇಕಾದರೂ ರಿಪೇರಿ ಮಾಡಬಹುದಂತೆ.

ಅವರು ಹಂಚಿದ್ದರಲ್ಲಿ ಒಂದು, ಮಾತ್ರೆಯ ಹೊತ್ತಿಗೆ ಫೋನಿನಲ್ಲಿ ಗಂಟೆ ಬಾರಿಸುವ ಆಪ್. ತಾಯಿಗೆ ಫಿಟ್ಸ್ ಇತ್ತು. ಅವರ ಫೋನಿನಲ್ಲಿ ಅದು ಎರಡು ವರ್ಷ ತಪ್ಪದೆ ಗಂಟೆ ಬಾರಿಸಿತು. ಒಂದು ದಿನ ಚಾರ್ಜು ಮುಗಿದು ಫೋನು ಆರಿಹೋಯಿತು. ಹೆಂಡತಿ ತವರಿಗೆ ಹೋಗಿದ್ದಳು, ಅವನು ಶಿಫ್ಟಿನಲ್ಲಿದ್ದ. ತಾಯಿ ತಾವೇ ಚಾರ್ಜಿಗೆ ಹಾಕಿ ಮತ್ತೆ ಆನ್ ಮಾಡಿಕೊಂಡರು. ಗಂಟೆ ಮಾತ್ರ ಬಾರಿಸಲಿಲ್ಲ. ಅವತ್ತೂ ಇಲ್ಲ, ಮರುದಿನವೂ ಇಲ್ಲ. ಮೂರನೇ ದಿನ ಬಚ್ಚಲಿನಲ್ಲಿ ಬಿದ್ದವರು ಏಳಲಿಲ್ಲ.

ಮೊನ್ನೆ ಮೊನ್ನೆ ಆ ಫೋನನ್ನು ಮಾರಲು ಹೋದಾಗ ರಿಪೇರಿಯವನು ನೋಡಿ ಹೇಳಿದ್ದ: "ಆಫ್ ಆಗಿ ಆನ್ ಆದ್ರೆ ಈ ಆಪು ಗಂಟೇನೇ ಮರೆತುಬಿಡುತ್ತೆ ಅಣ್ಣಾ. ಇದನ್ನ ಮಾಡಿದವರು ಭಾನುವಾರ ಪ್ರೆಸ್ಸಿನ ಮೇಲೆ ಸೇರ್ತಾರಲ್ಲ, ಅವರ ತಪ್ಪಿನ ಪಟ್ಟೀಲೇ ಬರ್ಕೊಂಡಿದ್ದಾರೆ, ನೋಡು. ಯಾರೋ ಅಳಿಲು ಅಂತೆ, 'ಇದನ್ನ ನಾನು ಸರಿ ಮಾಡ್ತೀನಿ' ಅಂತ ಹಿಡ್ಕೊಂಡು ವರ್ಷ ಆಯ್ತು. ಮಾಡಿಲ್ಲ."

ಅಳಿಲು. ಅಷ್ಟೇ ಹೆಸರು. ಆ ಅಳಿಲನ್ನು ಹುಡುಕಿಕೊಂಡೇ ಅವನು ಬಂದದ್ದು.

"ಸಿಕ್ಕಿದ್ರೆ ಏನ್ ಮಾಡ್ತೀರಾ?" ಬೆಳಿಗ್ಗೆ ಹೊರಡುವಾಗ ಹೆಂಡತಿ ಕೇಳಿದ್ದಳು. ಅತ್ತೆ ಹೋದಮೇಲೆ ಅವಳ ಮಾತೂ ಕಮ್ಮಿಯಾಗಿತ್ತು.

"ಯಾಕೆ ಮಾಡ್ಲಿಲ್ಲ ಅಂತ ಕೇಳ್ತೀನಿ."

"ಹೊಡೆಯಲ್ವಾ?"

"ಹೊಡೆಯೋಕೂ ಸಿಟ್ಟು ಬೇಕಲ್ಲ. ಬರ್ತಿಲ್ಲ ಕಣೇ."

ಅವಳು ಅವನ ಅಂಗಿಯ ಕಾಲರ್ ಸರಿಮಾಡಿದಳು. "ಕೇಳಿ. ಉತ್ತರ ಸಿಗೋವರೆಗೂ ಬಿಡಬೇಡಿ."

ಮೊದಲನೇ ವಾರ ಅವನ ಅನುಮಾನ ದಪ್ಪ ಕನ್ನಡಕದವನ ಮೇಲಿತ್ತು. ಆಸಾಮಿ ಕೂತಲ್ಲೇ ತೂಕಡಿಸುತ್ತಿದ್ದ. ಎರಡನೇ ವಾರ ಪ್ರೆಸ್ಸಿನ ಹುಡುಗಿಯ ಮೇಲೆ ಬಂತು. "ನಾಳೆ ಮಾಡ್ತೀನಿ" ಎಂದು ಒಂದು ಗಂಟೆಯಲ್ಲಿ ನಾಲ್ಕು ಸಲ ಹೇಳಿದ್ದಳು. ಈ ವಾರ ಸಭೆ ನಡೆಸುವ ಲೆಕ್ಕದ ಮೇಷ್ಟ್ರೇ ಅವನ ಕಡೆ ತಿರುಗಿದರು.

"ಏನಪ್ಪಾ, ಮೂರು ವಾರದಿಂದ ಬಾಯಿಗೆ ಬೀಗ ಜಡಿದುಕೊಂಡು ಕೂತಿದ್ದೀರಾ. ಟೀ ಚೆನ್ನಾಗಿಲ್ಲ ಅಂತಾದ್ರೂ ಬೈಯಿರಿ."

"ಅಳಿಲು ಯಾರು?"

ಪ್ರೆಸ್ಸಿನ ಹುಡುಗಿ ನಕ್ಕುಬಿಟ್ಟಳು. "ನಮ್ಮ ಅಳಿಲಾ! ಎರಡೇ ಸಲ ಬಂದಿದ್ದು. ಎರಡು ವರ್ಷಕ್ಕಾಗೋಷ್ಟು ನಗಿಸಿ ಹೋಯ್ತು."

"ಇವತ್ತು ಬಂದಿಲ್ವಾ?"

"ಆಮೇಲೆ ಬಂದೇ ಇಲ್ಲ."

ಮೇಸ್ತ್ರಿ ಎದ್ದು ನಿಂತ. ತಾಯಿಯ ವಿಷಯ ನಾಲ್ಕೇ ಮಾತಿನಲ್ಲಿ ಹೇಳಿದ, ನಕ್ಷೆ ನೋಡಿ ಅಳತೆ ಓದುವವನ ಹಾಗೆ. ಹುಡುಗಿಯ ನಗು ಬಾಯಲ್ಲೇ ಉಳಿಯಿತು. ತೂಕಡಿಸುತ್ತಿದ್ದವನೂ ಕನ್ನಡಕ ತೆಗೆದ. ಕೆಳಗೆ ಅಚ್ಚಿನ ಯಂತ್ರ ಮಾತ್ರ ತನ್ನ ಪಾಡಿಗೆ ತಾನು ಓಡುತ್ತಿತ್ತು.

ಮೇಷ್ಟ್ರು ಪ್ರೊಜೆಕ್ಟರ್ ಆರಿಸಿದರು.

"ತಪ್ಪು ನಂದು. ಹೊಸಬರು ಒಂದು ಕೆಲಸ ಹಿಡಿದ್ರೆ ಹಳಬರು ಕೈ ಹಾಕಬಾರದು ಅಂತ ಇಲ್ಲಿ ಕಟ್ಟಳೆ. ಕಿತ್ಕೊಂಡ್ರೆ ಮನಸ್ಸು ಮುರಿದು ಮತ್ತೆ ಬರಲ್ಲ. ಹತ್ತು ಸಾಲಿನ ಕೆಲಸ ಅದು, ನಾನೇ ಮಾಡಬಹುದಿತ್ತು. ಬರ್ತಾರೆ, ಬರ್ತಾರೆ ಅಂತ ಕಾದೆ."

"ಅದಲ್ಲ. ಆ ಅಳಿಲು ಯಾಕೆ ಮಾಡ್ಲಿಲ್ಲ? ಅದನ್ನ ಹೇಳಿ."

"ಕೊನೇದಾಗಿ ಇಮೇಲಲ್ಲಿ ಒಂದು ಕಾಗದ ಬರೆದಿದ್ರು." ಮೇಷ್ಟ್ರು ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದರು. "ನೀವೇ ಓದಿಬಿಡಿ."

ಮೇಸ್ತ್ರಿ ಬಗ್ಗಿ, ಅಕ್ಷರದ ಕೆಳಗೆ ಬೆರಳಿಟ್ಟು, ಒಂದೊಂದೇ ಪದ ಓದಿದ.

"ಮೇಷ್ಟ್ರೇ, ಭಾನುವಾರ ಮನೆ ಬಿಟ್ಟು ಎಲ್ಲಿಗೂ ಹೋಗೋದು ಬೇಡ ಅಂದ್ರು ನಮ್ಮನೆಯವರು, ಎಲ್ಲಿಗೆ, ಯಾಕೆ ಅಂತಾನೂ ಕೇಳ್ಲಿಲ್ಲ. ನಮ್ಮತ್ತೆ ಮಾತ್ರೆಗೋಸ್ಕರ ಹಿಡಿದ ಕೆಲಸ ಇದು, ದಯವಿಟ್ಟು ಬೇರೆ ಯಾರಿಗೂ ಕೊಡಬೇಡಿ, ನಾನೇ ಬಂದು ಮುಗಿಸ್ತೀನಿ, ಅಲ್ಲೀವರೆಗೂ ಅವರ ಫೋನು ಆರದ ಹಾಗೆ ನಾನೇ ನೋಡ್ಕೋತೀನಿ. ಎಂಥಾ ಮೊಂಡು ಕಬ್ಬಿಣಾನೂ ಲೇತಿಗೆ ಹಾಕಿ ನುಣ್ಣಗೆ ಮಾಡೋ ಮನುಷ್ಯ ನಮ್ಮನೆಯವರು. ಅವರನ್ನ ನುಣ್ಣಗೆ ಮಾಡೋಕೆ ನನಗೆ ಸ್ವಲ್ಪ ದಿನ ಬೇಕು."