ಎರಡು ತೋಳು ಬಾಕಿ

ಆ ವರ್ಷದ ಚಳಿ ಶಿವರಾತ್ರಿ ಕಳೆದರೂ ಹೋಗುವ ಲಕ್ಷಣ ತೋರಲಿಲ್ಲ. ಗಂಡನ ಸ್ವೆಟರಿಗೆ ಎದೆ, ಬೆನ್ನು ಹೆಣೆದು ಮುಗಿಸುವಷ್ಟರಲ್ಲಿ ವಾರಿಜಳ ಉಲ್ಲನ್ ತೀರಿಹೋಯಿತು. ಎರಡು ತೋಳು ಬಾಕಿ ಉಳಿದವು. ಹರಿದ ಅಂಗಿಯ ಗುಂಡಿಯನ್ನೂ ಬಿಡದೆ ಕಿತ್ತಿಡುವ ಅತ್ತೆ ಟ್ರಂಕಿನಿಂದ ದೊಡ್ಡದೊಂದು ಕೆಂಪು ಉಂಡೆ ತಂದು ಸೊಸೆಯ ಮಡಿಲಿಗೆ ಹಾಕಿದರು.

ಒಂದು ತೋಳು ಮೊಣಕೈವರೆಗೆ ಬಂತು. ಎಳೆ ಮಾತ್ರ ಎಷ್ಟು ಜಗ್ಗಿದರೂ ನೆಟ್ಟಗಾಗದೆ ಗುಂಗುರು ಕೂದಲಿನಂತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಒಮ್ಮೆ ಹೆಣೆದು ಬಿಚ್ಚಿದ ಉಲ್ಲನ್ ಹೀಗೇ ಹಟ ಮಾಡುತ್ತದೆಂದು ವಾರಿಜಳಿಗೆ ಗೊತ್ತಿತ್ತು.

“ಇದು ಯಾವುದೋ ಸ್ವೆಟರ್ ಬಿಚ್ಚಿದ್ದಲ್ವಾ ಅತ್ತೆ?”

“ಹೂಂ, ಮೊದಲಿನವಳದ್ದು. ಗಟ್ಟಿ ಉಲ್ಲನ್ನು, ಬಿಸಾಕೋಕೆ ಮನಸ್ಸು ಬರ್ಲಿಲ್ಲ.”

ಕಡ್ಡಿಗಳು ನಿಧಾನವಾದವು. ಗಂಡನ ಮೊದಲ ಹೆಂಡತಿಯ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

“ಅವರ ಹತ್ರ ಕೆಂಪು ಸ್ವೆಟರ್ ಎರಡಿತ್ತಾ?”

“ಒಂದೇ ಇದ್ದಿದ್ದು. ಯಾಕೆ?”

“ಹೇಳದೆ ಕೇಳದೆ ಮನೆ ಬಿಟ್ಟು ಹೋದಾಗ ಅವರು ಕೆಂಪು ಸ್ವೆಟರ್ ಹಾಕ್ಕೊಂಡಿದ್ರು ಅಂತ ಇವ್ರು ಪೊಲೀಸರಿಗೆ ಬರ್ಕೊಟ್ಟಿದ್ರಂತಲ್ಲ.”

ಅತ್ತೆ ಎದ್ದು ಹೋಗಿ ಬಾಗಿಲ ಚಿಲಕ ಹಾಕಿ ಬಂದರು. “ಗಾಳಿ ನುಗ್ತಿದೆ,” ಎಂದರು. ಆಮೇಲೆ ಸೊಸೆಯ ಪಕ್ಕದಲ್ಲೇ ಕೂತು, ಅವಳು ತೊಟ್ಟಿದ್ದ ನೀಲಿ ಸ್ವೆಟರಿನ ತೋಳನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದರು.

“ಇದೂ ಒಳ್ಳೇ ಉಲ್ಲನ್ನೇ.”