ಬಿಳಿ ಒಂಟೆಯ ಅಧ್ಯಾಯ

ಕುರಿಯ ತಲೆ ಬೆಂದು ತಟ್ಟೆಗೆ ಬಂದಾಗಿತ್ತು. ಅದನ್ನು ಯಾರ ಮುಂದೆ ಇಡುವುದು ಎಂಬುದೊಂದೇ ಬಾಕಿ.

ಬಲ್ಖಾಶ್ ಸರೋವರದ ಕಡೆಯ ಊಟಗಳಲ್ಲಿ ಅದು ಹಿರಿಯ ಅತಿಥಿಯ ಪಾಲು. ಆದರೆ ಇವತ್ತು ಊರಿನ ಹೆಮ್ಮೆಯ ಸಾಹಿತಿ ಅಲ್ದಾಬೆರ್ಗೆನ್ ಅವರ ಜನ್ಮಶತಮಾನೋತ್ಸವ. ಗೋಡೆಯ ತುಂಬ ‘ಮಹಾ ಕಾದಂಬರಿಕಾರ’ ಎಂಬ ಬ್ಯಾನರು. ಅವರ ಪುಸ್ತಕವನ್ನು ಚೆನ್ನಾಗಿ ಬಲ್ಲವನಿಗೆ ಕುರಿಯ ತಲೆ, ಜೊತೆಗೆ ಹೊಸ ಸ್ಮಾರಕ ಭವನದ ನಿರ್ದೇಶಕನ ಹುದ್ದೆ ಎಂದು ಜಿಲ್ಲೆ ಆಳುವ ಅಕೀಮ್ ಸಾಹೇಬರು ಸಾರಿದ್ದರು. ತೀರ್ಪು ಸಾಹಿತಿಯ ಮಗಳು, ರಾಜಧಾನಿಯಲ್ಲಿ ಹಲ್ಲಿನ ಡಾಕ್ಟರಾಗಿರುವ ಉಲ್ಜಾನ್ ಅವರದು.

ದುಲಾತನಿಗೆ ಆ ಹುದ್ದೆ ಬೇಕೇ ಬೇಕಿತ್ತು. ಮದುವೆ ಮನೆಗಳಲ್ಲಿ ನಿರೂಪಕನಾಗಿ ಮೈಕು ಹಿಡಿದು ಗಂಟಲು ಹರಿದುಕೊಂಡದ್ದು ಸಾಕಾಗಿತ್ತು. ಪುಸ್ತಕವನ್ನು ಮಾತ್ರ ಅವನು ಮುಟ್ಟಿಯೂ ನೋಡಿರಲಿಲ್ಲ. ಲೈಬ್ರರಿ ಮುಚ್ಚಿ ಅಲ್ಲಿ ಬಿಲಿಯರ್ಡ್ಸ್ ಟೇಬಲ್ಲು ಬಂದಿತ್ತು. ಉಳಿದಿದ್ದ ಒಂದೇ ಪ್ರತಿ ಭವನದ ಗಾಜಿನ ಪೆಟ್ಟಿಗೆಯಲ್ಲಿ ಭದ್ರವಾಗಿತ್ತು.

ಮೊದಲು ಎದ್ದವರು ನಿವೃತ್ತ ಹೆಡ್‌ಮಾಸ್ತರ್ ಜಕ್ಸಿಲಿಕ್. ಆ ಕಾದಂಬರಿ ತಮ್ಮ ಬಾಳನ್ನೇ ಬದಲಿಸಿತು ಎಂದರು. ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ತಮ್ಮ ಸರದಿಯಲ್ಲಿ ಅವರೂ ಕೇಳುತ್ತಾರಲ್ಲ.

ದುಲಾತ್ ಎದ್ದ. ಬಾಯಿ ಮದುವೆ ಮನೆಯದು, ತಾನಾಗಿ ಓಡಿತು.

“ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿರೋದು ಆ ಬಿಳಿ ಒಂಟೆ. ಒಡೆಯ ಸತ್ತಿದ್ದು ಗೊತ್ತಿಲ್ದೆ ಬಾವಿ ಹತ್ರ ಕಾಯ್ತಾ ನಿಂತಿರತ್ತಲ್ಲ, ಆ ಅಧ್ಯಾಯ.”

ಹೆಡ್‌ಮಾಸ್ತರ್ ಅವನನ್ನೇ ದಿಟ್ಟಿಸಿ ನೋಡಿ, ನಿಧಾನವಾಗಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಕೊನೆಗೆ ಹಿಮದಲ್ಲಿ ಸಾಯತ್ತಲ್ಲಪ್ಪಾ ಅದು.”

ಅಕೀಮ್ ಸಾಹೇಬರು ಆ ಭಾಗವನ್ನು ಸೈನ್ಯದಲ್ಲಿದ್ದಾಗ ಟಾರ್ಚಿನ ಬೆಳಕಲ್ಲಿ ಓದಿದ್ದಾಗಿ ಹೇಳಿದರು. ಇನ್ನು ಉಳಿದವರು ಮಗಳು. ಅವರ ಒಂದು ಮಾತು ಸಾಕಿತ್ತು, ದುಲಾತನ ಬಣ್ಣ ಬಯಲಾಗಲು.

“ಅಪ್ಪ ಬರೀವಾಗ ಏನೋ ಗುನುಗ್ತಾ ಬೆರಳು ಎಣಿಸ್ತಿದ್ರು,” ಎಂದರು ಉಲ್ಜಾನ್. “ಯಾಕೆ ಅಂತ ನಂಗೆ ತಿಳೀತಾನೇ ಇರ್ಲಿಲ್ಲ. ಒಂಟೆ ಕಾದ ದಿನಗಳನ್ನ ಎಣಿಸ್ತಿದ್ರು ಅಂತ ಇವತ್ತು ಗೊತ್ತಾಯ್ತು. ತಲೆ ಈ ತಮ್ಮನಿಗೇ ಕೊಡಿ.”

ದುಲಾತ್ ಪದ್ಧತಿಯಂತೆ ಕುರಿಯ ಕಿವಿ ಕೊಯ್ದು ಮಕ್ಕಳಿಗೆ ಹಂಚಿದ, ದೊಡ್ಡವರ ಮಾತು ಕೇಳಿ ಬೆಳೆಯಲಿ ಎಂದು.

ತಿಂಗಳೊಳಗೆ ಭವನದ ಬಾಗಿಲಲ್ಲಿ ಬಿಳಿ ಒಂಟೆಯ ಪ್ರತಿಮೆ ನಿಂತಿತು. ಜನ ಅದರ ಕೊರಳು ತಬ್ಬಿ ಫೋಟೊ ತೆಗೆಸಿಕೊಂಡು, ಒಳಗೆ ಬಾರದೆ ಹೋದರು. ಒಂದು ಸಂಜೆ ನಿರ್ದೇಶಕ ದುಲಾತ್ ಗಾಜಿನ ಪೆಟ್ಟಿಗೆಯ ಬೀಗ ತೆಗೆದ. ಎಷ್ಟಾದರೂ ಅನ್ನ ಕೊಟ್ಟ ಕಾದಂಬರಿ, ನಾಲ್ಕು ಪುಟವಾದರೂ ಓದೋಣ ಎಂದುಕೊಂಡು ಮೊದಲ ಪುಟ ತಿರುವಿದ. ನಡುವೆ ತೆರೆದ. ಕೊನೆಯದನ್ನೂ ನೋಡಿದ.

ಪುಸ್ತಕದ ತುಂಬ ಇದ್ದದ್ದು ನಾಲ್ಕು ನಾಲ್ಕು ಸಾಲಿನ ಪ್ರೇಮಪದ್ಯಗಳು.